ಒಂದು ಉದ್ದ, ಎರಡು ಗಿಡ್ಡ

ಹಳೇ ಕಂಪ್ಯೂಟರ್ ಆನ್ ಮಾಡಿದ್ದೇ ತಡ, ಅದು ಕೂಗಿತು. ಒಂದು ಉದ್ದ, ಎರಡು ಗಿಡ್ಡ. ಅಡುಗೆಮನೆಯಿಂದ ಅಮ್ಮ, "ಮೀನಿನವ ಬಂದ ಕಾಣ್ತದೆ, ಬಂಗುಡೆ ಉಂಟಾ ಕೇಳು ಮಾರಾಯ" ಅಂದರು.

ತಪ್ಪು ಅಮ್ಮನದ್ದಲ್ಲ. ನಮ್ಮ ಓಣಿಗೆ ಸ್ಕೂಟರಿನಲ್ಲಿ ಬರುವ ಮೀನಿನವನ ಹಾರ್ನ್ ಸಹ ಹೆಚ್ಚುಕಮ್ಮಿ ಇದೇ ರಾಗ. ಅದೂ ಜುಲೈ ತಿಂಗಳು. ಜೂನ್ 1ರಿಂದ 61 ದಿನ ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಹಾಗಾಗಿ ಮೀನಿನವ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಆದರೆ ಈ ಕೂಗು ಅವನದ್ದಲ್ಲ, ಬಯಾಸಿನದ್ದು, ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ ಒಳಗೆ ಎಲ್ಲ ಸರಿ ಉಂಟಾ ಅಂತ ನೋಡುವ ಪ್ರೋಗ್ರಾಮಿನದ್ದು. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟಿದೆ ಅಂತ ಅದರ ಅರ್ಥ. ಆ ಬಯಾಸಿನ ಹೆಸರು ಬೇರೆ 'ಅವಾರ್ಡ್'!

ಕಾರ್ಡ್ ಯಾವುದು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಹೊಟ್ಟೆ ಉಬ್ಬುತ್ತದೆ. ವೂಡೂ 3. 1999ರ ಮಾಲು. 16 ಎಂಬಿ ಮೆಮೊರಿ, ಅಂದರೆ ನಮ್ಮ ಸೋದರಮಾವ ಬೆಳಗಾದರೆ ವಾಟ್ಸಾಪಿಗೆ ಹಾಕುವ ಶುಭೋದಯದ ವಿಡಿಯೋ ಒಂದಕ್ಕೇ ತುಂಬಿಹೋದೀತು. ಮಾಡಿದ ತ್ರೀಡಿಎಫ್ಎಕ್ಸ್ ಕಂಪನಿ 2000ನೇ ಇಸವಿಯ ಕೊನೆಗೇ ತನ್ನ ಮುಖ್ಯ ಸೊತ್ತುಗಳನ್ನು ಎನ್ವಿಡಿಯಾಗೆ ಮಾರಲು ಹೊರಟಿತು. ಆದರೆ ಕಾಲೇಜಿನ ದಿನಗಳಲ್ಲಿ ರಾತ್ರಿಯಿಡೀ ಕಾರ್ ರೇಸ್ ಆಡಿದ್ದು ಇದರಲ್ಲೇ ಅಲ್ವಾ, ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿ ಇಪ್ಪತ್ತು ಮಳೆಗಾಲ ಕಳೆದಿತ್ತು. ಅದೂ ಮಂಗಳೂರಿನ ಮಳೆಗಾಲ. ಇಲ್ಲಿ ಕಪಾಟಿನಲ್ಲಿಟ್ಟ ಬೆಲ್ಟಿಗೇ ವಾರದಲ್ಲಿ ಬೂಷ್ಟು ಬರುತ್ತದೆ.

ಮಗಳ ಕಂಪಾಸ್ ಪೆಟ್ಟಿಗೆಯಿಂದ ರಬ್ಬರ್ ಕದ್ದೆ. ಸ್ಟ್ರಾಬೆರಿ ಪರಿಮಳದ್ದು. ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳನ್ನು ಅದರಲ್ಲಿ ತಿಕ್ಕಿದೆ. ರಬ್ಬರ್ ಕಪ್ಪಾಯಿತು, ಕೂಗು ನಿಂತಿತು. ಆದರೆ ಪರದೆ ತುಂಬಾ ಉದ್ದುದ್ದ ಗೆರೆ, ಥೇಟ್ ಚಾಪೆ.

ಅಪ್ಪ ಪೇಪರ್ ಓದುವ ಭೂತಗನ್ನಡಿ ಹಿಡಿದು ನೋಡಿದರೆ, ಒಂದು ಮೆಮೊರಿ ಚಿಪ್ಪಿನ ಮೂರು ಕಾಲಿಗೆ ಹಸಿರು ಕಿಲುಬು. ಅಮ್ಮನೂ ಇಣುಕಿದರು. "ಹುಣಸೆಹುಳಿ ಹಾಕಿ ತಿಕ್ಕು. ದೀಪಕ್ಕೆ ನಾನು ಮತ್ತೆಂತ ಹಾಕುವುದು?" ನಾನು ನಕ್ಕೆ. ನಗಬಾರದಿತ್ತು.

ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೇ ಟೂತ್‌ಬ್ರಷ್ ಅದ್ದಿ, ಒಗೆಯುವ ಕಲ್ಲಿನ ಮೇಲೆ ಅಂಗಿಯ ಕಾಲರ್ ತಿಕ್ಕುವ ಹುಮ್ಮಸ್ಸಿನಲ್ಲಿ ತಿಕ್ಕಿದೆ. ಕಿಲುಬು ಹೋಯಿತು. ಜೊತೆಗೆ ಪಕ್ಕದಲ್ಲಿದ್ದ ಕೆಪಾಸಿಟರ್, ಅಂದರೆ ಕರೆಂಟನ್ನು ಚೂರು ಹಿಡಿದಿಡುವ ಕಡಲೆಕಾಳಿನಷ್ಟು ದೊಡ್ಡ ಡಬ್ಬಿ, 'ಟಿಕ್' ಅಂತ ಹಾರಿ ಫ್ರಿಜ್ಜಿನ ಅಡಿಗೆ ಹೋಯಿತು. ಹುಡುಕಿದಾಗ ಎರಡು ಬಾಟಲಿ ಮುಚ್ಚಳ, ಒಂದು ಒಣಗಿದ ನಿಂಬೆಹಣ್ಣು, ಕೊನೆಗೆ ಅದು ಸಿಕ್ಕಿತು, ಒಂದು ಕಾಲು ಕಳೆದುಕೊಂಡು.

ಮಳೆಯಲ್ಲಿ ನೆನೆದುಕೊಂಡು ಹಂಪನಕಟ್ಟೆಗೆ ಹೋದೆ. ಅಂಗಡಿಯ ಹುಡುಗ, "ಅದು ಇಲ್ಲ ಸಾರ್, ಟ್ಯಾಂಟಲಮ್ ಕೆಪಾಸಿಟರ್ ಉಂಟು, ಅದನ್ನೇ ಹಾಕಿ" ಅಂತ ಪುಟ್ಟ ಹಳದಿ ಇಟ್ಟಿಗೆಯಂಥದ್ದು ಒಂದು ತೋರಿಸಿದ. ಒಂದು ಬದಿಗೆ ಗೆರೆ ಇತ್ತು. ಎರಡು ಕೊಡಿ ಅಂದೆ. ಇಡೀ ಕಥೆಯಲ್ಲಿ ನನಗೆ ಬುದ್ಧಿ ಇದ್ದದ್ದು ಅಷ್ಟು ಹೊತ್ತು ಮಾತ್ರ.

ಡಬ್ಬಿಯಂಥ ಕೆಪಾಸಿಟರಿನಲ್ಲಿ ಗುರುತು ಇರುವ ಕಡೆ ಮೈನಸ್. ಇದು ಗೊತ್ತಿತ್ತು. ಟ್ಯಾಂಟಲಮ್ಮಿನಲ್ಲಿ ಗೆರೆ ಇರುವ ಕಡೆ ಪ್ಲಸ್. ಇದು ಗೊತ್ತಿರಲಿಲ್ಲ. ಹೀಗೆ ಉಲ್ಟಾ ಮಾಡಿದ ಪುಣ್ಯಾತ್ಮ ಯಾರೋ, ಅವನ ಮನೆಯಲ್ಲಿ ಉಪ್ಪು, ಸಕ್ಕರೆ ಡಬ್ಬಿಗಳೂ ಅದಲುಬದಲಾಗಿರಬೇಕು. ಅರ್ಧ ಗಂಟೆ ಬೆವರು ಸುರಿಸಿ ಸೋಲ್ಡರ್ ಮಾಡಿ, ಕಿಲುಬು ಹಿಡಿದಿದ್ದ ಕಾಲುಗಳಿಗೂ ಬಿಸಿ ಮುಟ್ಟಿಸಿ, ಕುಲದೇವರನ್ನು ನೆನೆದು ಸ್ವಿಚ್ ಹಾಕಿದೆ.

'ಟಪ್!' ಒಂದು ಕಿಡಿ, ಒಂದು ಎಳೆ ಹೊಗೆ, ಮೂಗು ಸುಡುವ ವಾಸನೆ.

"ಎಂತ ಕರಟಿದ್ದು?" ಅಂತ ಅಮ್ಮ ಓಡಿ ಹೋಗಿ ಗ್ಯಾಸ್ ಆಫ್ ಮಾಡಿದರು. ನಾನು ಬಾಯಿಬಿಡಲಿಲ್ಲ. ಅವತ್ತು ಮಧ್ಯಾಹ್ನ ಎಲ್ಲರೂ ಅರೆಬೆಂದ ಅನ್ನ ಉಂಡೆವು.

ಮರುದಿನ ಎರಡನೇ ಇಟ್ಟಿಗೆ. ಗೆರೆ ಪ್ಲಸ್ಸಿಗೆ, ಮೂರು ಸಲ ನೋಡಿದೆ. ಸ್ವಿಚ್ ಹಾಕಿದಾಗ ಒಂದೇ ಒಂದು ಗಿಡ್ಡ ಕೂಗು ಬಂತು, ಅಂದರೆ ಎಲ್ಲ ಸರಿ ಉಂಟು ಅಂತ. ಗೆರೆಗಳಿಲ್ಲ, ಚಾಪೆ ಇಲ್ಲ. ವಿಂಡೋಸ್ 98ರ ನೀಲಿ ಆಕಾಶ, ಬಿಳಿ ಮೋಡ. ಕಣ್ಣು ಸ್ವಲ್ಪ ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಕೇಳಿಸಿತು. ಒಂದು ಉದ್ದ, ಎರಡು ಗಿಡ್ಡ.

ಎದೆ ಧಸಕ್ಕೆಂದಿತು. ಕರೆಂಟಿನ ವಯರು ಕಿತ್ತು, ಕಾರ್ಡ್ ಹೊರಗೆ ತೆಗೆದು, ಭೂತಗನ್ನಡಿ ಹಿಡಿದು ಒಂದೊಂದೇ ಕಾಲು ಪರೀಕ್ಷೆ ಮಾಡತೊಡಗಿದೆ. "ಮೀನಿನವ ಬಂದನಾ?" ಅಂತ ಅಮ್ಮ ಕೇಳಿದರು. "ಇಲ್ಲಮ್ಮ, ಇದೇ ಕೂಗಿದ್ದು" ಅಂದೆ.

ಐದು ನಿಮಿಷ ಬಿಟ್ಟು ಕಿಟಕಿಯಿಂದ ನೋಡಿದರೆ ಪಕ್ಕದ ಮನೆಯ ಆಂಟಿ ಅಂಗಳದಲ್ಲಿ ಬಂಗುಡೆ ಕೊಯ್ಯುತ್ತಿದ್ದರು, ಸುತ್ತ ಮೂರು ಬೆಕ್ಕು. ನಮ್ಮಲ್ಲಿ ಅವತ್ತು ಸೌತೆಕಾಯಿ ಸಾಂಬಾರು. ಅಮ್ಮ ಬಡಿಸುವಾಗ ಒಂದು ಮಾತೂ ಆಡಲಿಲ್ಲ.