ಪ್ರತಿ ಇಮೇಲ್‌ಗೂ ಪ್ರತ್ಯೇಕ ಫೈಲ್ ಬೇಕೇ?

ಪರ

ಬೇಕೇ ಬೇಕು. ಇಮೇಲ್ ಕೂಡಿಡುವ ಹಳೆಯ ಎಂಬಾಕ್ಸ್ ಪದ್ಧತಿಯಲ್ಲಿ ಒಂದು ಫೋಲ್ಡರ್‌ನ ಅಷ್ಟೂ ಪತ್ರಗಳು ಒಂದೇ ಫೈಲಿನಲ್ಲಿ ಒಂದರ ಬಾಲಕ್ಕೊಂದು ಅಂಟಿಕೊಂಡಿರುತ್ತವೆ. ಹೊಸ ಪತ್ರ ಎಲ್ಲಿ ಶುರುವಾಯಿತು ಎನ್ನಲು ‘ಫ್ರಮ್’ ಎಂದು ಆರಂಭವಾಗುವ ಸಾಲೇ ಗುರುತು. ಪತ್ರದೊಳಗಿನ ಸಾಲೊಂದು ಆ ಪದದಿಂದ ಶುರುವಾದರೆ ಸಾಮಾನ್ಯವಾಗಿ ಅದರ ಮುಂದೆ ಬಾಣದ ಚಿಹ್ನೆ (>) ಸೇರಿಸಲಾಗುತ್ತದೆ. ಪತ್ರವನ್ನು ಕಾಯಬೇಕಾದವರು ತಿದ್ದುವುದೆಂದರೇನು?

ಕೆಲವು ವರ್ಷಗಳ ಹಿಂದೆ ನಾನು ಕಾಲೇಜೊಂದರ ಸರ್ವರ್ ನೋಡಿಕೊಳ್ಳುತ್ತಿದ್ದೆ. ಪ್ರಾಧ್ಯಾಪಕರೊಬ್ಬರು ಹಳೆಯ ಪತ್ರಗಳನ್ನು ಅಳಿಸಿದರು. ನಡುವಿನ ಪತ್ರ ತೆಗೆದರೆ ಅದರ ನಂತರದ್ದನ್ನೆಲ್ಲ ಮತ್ತೆ ಬರೆಯಬೇಕು. ಆ ಕೆಲಸ ನಡೆದಿರುವಾಗಲೇ ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು. ಬೆಳಿಗ್ಗೆ ನೋಡಿದರೆ ಒಂದು ಪತ್ರದ ಅರ್ಧಕ್ಕೆ ಇನ್ನೊಂದರ ಲಗತ್ತು ಹೊಲಿದುಕೊಂಡಿತ್ತು. ಸಂಶೋಧನಾ ವಿದ್ಯಾರ್ಥಿಗಳು ಕಳಿಸಿದ್ದ ಅಧ್ಯಾಯಗಳು ಅದರಲ್ಲಿದ್ದವು. ನಾನು ಸಾಲು ಸಾಲಾಗಿ ಬಿಡಿಸುತ್ತಿದ್ದರೆ ಆ ಪ್ರಾಧ್ಯಾಪಕರು ಪಕ್ಕದ ಕುರ್ಚಿಯಲ್ಲಿ ಮಧ್ಯಾಹ್ನದವರೆಗೆ ಮಾತಿಲ್ಲದೆ ಕುಳಿತಿದ್ದರು.

ಕ್ಯೂಮೇಲ್ ಎಂಬ ಮೇಲ್ ಸರ್ವರ್ ತಂತ್ರಾಂಶ ಬರೆದ ಡೇನಿಯಲ್ ಬರ್ನ್‌ಸ್ಟೈನ್ ರೂಪಿಸಿದ ಮೇಲ್‌ಡಿರ್ ಪದ್ಧತಿಯಲ್ಲಿ ಪ್ರತಿ ಪತ್ರವೂ ಬೇರೆ ಫೈಲ್. ಬಂದದ್ದನ್ನು ‘ಟಿಎಂಪಿ’ ಫೋಲ್ಡರಿನಲ್ಲಿ ಪೂರ್ತಿ ಬರೆದು, ಆಮೇಲೆ ‘ನ್ಯೂ’ಗೆ ಸಾಗಿಸುತ್ತಾರೆ, ಓದುವ ತಂತ್ರಾಂಶ ಕಂಡ ಮೇಲೆ ಅದು ‘ಕರ್’ಗೆ ಹೋಗುತ್ತದೆ. ಓದಿಯಾಗಿದೆ ಎಂಬುದಕ್ಕೆ ಫೈಲಿನ ಹೆಸರಿನ ಕೊನೆಗೆ ‘ಎಸ್’ ಅಕ್ಷರ. ಪತ್ರ ತಲುಪಿಸುವಾಗ ಬೇರೆ ತಂತ್ರಾಂಶ ಕೈಹಾಕದಂತೆ ಫೈಲಿಗೆ ಬೀಗ ಹಾಕಬೇಕಿಲ್ಲ. ಒಂದು ಕೆಟ್ಟರೆ ಒಂದೇ ಕೆಟ್ಟಿತು. ಫೈಲುಗಳು ಹೆಚ್ಚಾಗುತ್ತವೆ ಎಂಬುದೂ ಒಂದು ದೂರೇ? ಎಣಿಸುವುದು ಕಂಪ್ಯೂಟರಿನ ಕೆಲಸ.

ವಿರೋಧ

ಎಂಬಾಕ್ಸ್ ಪರವಾಗಿ ಬರೆಯಲು ಕೇಳಿದ್ದಾರೆ, ಬರೆಯುತ್ತೇನೆ. ಕರೆಂಟ್ ಹೋದದ್ದು ಎಂಬಾಕ್ಸಿನ ತಪ್ಪಲ್ಲ. ಯುಪಿಎಸ್ ಬ್ಯಾಟರಿಯನ್ನು ಸಮಯಕ್ಕೆ ಬದಲಿಸಬೇಕಿತ್ತು.

ಎಣಿಕೆಯ ಮಾತಿಗೆ ಬರೋಣ. ಲಿನಕ್ಸ್‌ನಲ್ಲಿ ಬಳಸುವ ಇಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆಯ ಡಿಸ್ಕಿನಲ್ಲಿ ಎಷ್ಟು ಫೈಲುಗಳಿಗೆ ಜಾಗವೆಂಬುದು ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುತ್ತದೆ. ಆ ಲೆಕ್ಕ ಮುಗಿದರೆ ಡಿಸ್ಕ್ ಖಾಲಿಯಿದ್ದರೂ ಹೊಸ ಪತ್ರ ಒಳಗೆ ಬರುವುದಿಲ್ಲ. ಲಕ್ಷಾಂತರ ಪುಟ್ಟ ಫೈಲುಗಳ ಬ್ಯಾಕಪ್‌ಗೆ ರಾತ್ರಿಯಿಡೀ ಕಾದವರಿಗೆ ಈ ಎಣಿಕೆಯ ಭಾರ ಗೊತ್ತು. ಮೇಲ್‌ಡಿರ್‌ನ ಫೈಲ್ ಹೆಸರುಗಳಲ್ಲಿ ವಿವರಣ ಚಿಹ್ನೆ (:) ಇರುವುದರಿಂದ ಸಾಮಾನ್ಯ ಪೆನ್‌ಡ್ರೈವ್ ಅವುಗಳನ್ನು ಹಾಗೆಯೇ ಸ್ವೀಕರಿಸುವುದೂ ಇಲ್ಲ. ಎಂಬಾಕ್ಸ್ ಆದರೆ ಒಂದು ಫೈಲ್ ನಕಲಿಸಿದರೆ ಮುಗಿಯಿತು. ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ ಇಂದಿಗೂ ಪತ್ರಗಳನ್ನು ಇಡುವುದು ಬಹುಪಾಲು ಹಾಗೆಯೇ.

ದಿನವೂ ಪತ್ರ ಬಂದುಹೋಗುವ ಇನ್‌ಬಾಕ್ಸಿಗೆ ಮೇಲ್‌ಡಿರ್ ಇರಲಿ, ಒಪ್ಪುತ್ತೇನೆ. ವರ್ಷ ಮುಗಿದ ಪತ್ರಗಳನ್ನಾದರೂ ಒಂದೇ ಫೈಲಾಗಿ ಕಟ್ಟಿಡಿ.