ಸಣ್ಣ ಸಿನಿಮಾಗೆ ಬೇರೆ ತಕ್ಕಡಿ ಬೇಕಾ?

ಪ್ರಶ್ನೆ ಇದು: ಕಡಿಮೆ ದುಡ್ಡಿನಲ್ಲಿ, ಸ್ಟಾರ್‌ಗಳಿಲ್ಲದೆ ಮಾಡಿದ ಕನ್ನಡ ಸಿನಿಮಾವನ್ನು ವಿಮರ್ಶಕರು ದೊಡ್ಡ ಬಜೆಟ್ಟಿನ ಸಿನಿಮಾಗಿಂತ ಬೇರೆ ತಕ್ಕಡಿಯಲ್ಲಿ ತೂಗಬೇಕಾ? ಇಲ್ಲಿ ಇಬ್ಬರು ಬರೆದಿದ್ದಾರೆ. ಇಬ್ಬರೂ ವಿಮರ್ಶೆ ಬರೆಯುವವರು, ಎಷ್ಟೋ ಶುಕ್ರವಾರ ಅಕ್ಕಪಕ್ಕದ ಸೀಟಿನಲ್ಲಿ ಕೂತವರು.

ಪರ: ಒಂದೇ ಮಾತು ಇಬ್ಬರಿಗೂ ಒಂದೇ ಥರ ತಾಗುವುದಿಲ್ಲ

ಶುಕ್ರವಾರ ಬೆಳಿಗ್ಗೆ ಹತ್ತೂಕಾಲಿನ ಶೋ. ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸ್. ನನ್ನನ್ನೂ ಸೇರಿಸಿ ಒಂಬತ್ತು ಜನ. ಅವರಲ್ಲಿ ನಾಲ್ವರು ಚಿತ್ರತಂಡದವರೇ ಅಂತ ಮಧ್ಯಂತರದಲ್ಲಿ ಗೊತ್ತಾಯಿತು. ಅವರು ತೆರೆ ನೋಡುತ್ತಿರಲಿಲ್ಲ, ನಮ್ಮ ಮುಖ ನೋಡುತ್ತಿದ್ದರು. ಸೋಮವಾರ ಟಿಕೆಟ್ ಆ್ಯಪ್ ತೆರೆದರೆ ಆ ಸಿನಿಮಾದ ಹೆಸರೇ ಇಲ್ಲ. ಮೂರು ವರ್ಷ ಒದ್ದಾಡಿ ಮಾಡಿದ ಸಿನಿಮಾ ಮೂರು ದಿನಕ್ಕೆ ಹೋಯಿತು.

ಸ್ಟಾರ್ ಸಿನಿಮಾ ಬರುವ ವಾರ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಬೆಳಗಿನ ಜಾವವೇ ಶೋ. ಕಟೌಟ್‌ಗೆ ಹಾಲು, ಹಾರ, ಪಟಾಕಿ. ನಾನು ಮಧ್ಯಾಹ್ನ ಬರೆದು ಮುಗಿಸುವ ಹೊತ್ತಿಗೆ ಭಾನುವಾರದ ಟಿಕೆಟ್ಟೂ ಖಾಲಿ. 2022ರ ಏಪ್ರಿಲ್‌ನಲ್ಲಿ ‘ಕೆಜಿಎಫ್ 2’ ಬಂದಾಗ ನಾನು ಹೊಗಳಿದರೂ ಬೈದರೂ ಒಂದು ಸೀಟು ಆಚೀಚೆ ಆಗುತ್ತಿರಲಿಲ್ಲ. ಹತ್ತೂಕಾಲಿನ ಆ ಸಿನಿಮಾಗೆ ಮಾತ್ರ ನನ್ನ ಒಂದು ಸಾಲಿನಿಂದ ನಲವತ್ತು ಜನ ಬರಬಹುದು, ಬರದೇ ಇರಬಹುದು. ಆ ನಲವತ್ತು ಜನ ಬಂದರೆ ಅದಕ್ಕೆ ಇನ್ನೊಂದು ವಾರ ಸಿಗುತ್ತದೆ. ಆನೆಗೆ ಹೊಡೆದ ಕಲ್ಲನ್ನೇ ಗುಬ್ಬಿಗೂ ಹೊಡೆದು, ‘ನಾನು ಇಬ್ಬರಿಗೂ ಸಮಾನವಾಗಿ ಹೊಡೆದೆ’ ಅಂದರೆ ಅದು ನ್ಯಾಯ ಅಲ್ಲ.

ಹಾಗಂತ ಸುಳ್ಳು ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ಸಿನಿಮಾಗೆ ಕೇಳುವ ಪ್ರಶ್ನೆ ಬೇರೆ ಇರಲಿ ಅನ್ನುತ್ತಿದ್ದೇನೆ: ಅದು ಏನು ಮಾಡಲು ಹೊರಟಿತ್ತು, ಅದನ್ನು ಮಾಡಿತಾ?

‘ಶಿವಮ್ಮ ಯರೇಹಂಚಿನಾಳ’ ತೆಗೆದುಕೊಳ್ಳಿ. ಜೈಶಂಕರ್ ಆರ್ಯರ್ ಅವರ ಮೊದಲ ಸಿನಿಮಾ. ಕೊಪ್ಪಳ ಜಿಲ್ಲೆಯ ಹಳ್ಳಿಯಲ್ಲಿ ನಡೆಯುತ್ತದೆ. ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು ಚೈನ್ ಮಾರ್ಕೆಟಿಂಗ್ ಕಂಪನಿಯೊಂದರ ಶಕ್ತಿ ಕೊಡುವ ಪಾನೀಯ ಮಾರಲು ಹೊರಡುತ್ತಾಳೆ. ಶಿವಮ್ಮ ಆದವರು ಶರಣಮ್ಮ ಚೆಟ್ಟಿ. ಅವರು ವೃತ್ತಿ ನಟಿಯಲ್ಲ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ನ್ಯೂ ಕರೆಂಟ್ಸ್ ಪ್ರಶಸ್ತಿ ಇದಕ್ಕೆ ಬಂತು. ನಮ್ಮ ಥಿಯೇಟರ್‌ಗೆ ಬಂದದ್ದು 2024ರ ಜೂನ್‌ನಲ್ಲಿ.

ಹಾಡು ಹೇಗಿದೆ, ಫೈಟ್ ಹೇಗಿದೆ, ಕಾಮಿಡಿ ಇದೆಯಾ ಅನ್ನುವ ಮಾಮೂಲಿ ಪಟ್ಟಿ ಹಿಡಿದು ಕೂತರೆ ಈ ಸಿನಿಮಾದಲ್ಲಿ ಟಿಕ್ ಹಾಕಲು ಏನೂ ಸಿಗುವುದಿಲ್ಲ. ಪಟ್ಟಿ ಕೆಳಗಿಟ್ಟು ಶಿವಮ್ಮನ ದನಿ ಕೇಳಿ. ಡಬ್ಬ ಮಾರುವಾಗ ಆ ದನಿಯಲ್ಲಿ ಮೋಸ ಇಲ್ಲ, ನಂಬಿಕೆ ಇದೆ. ಅವಳು ನಿಜವಾಗಿಯೂ ನಂಬಿದ್ದಾಳೆ. ಮೋಸ ಹೋದವಳೇ ಅಕ್ಕಪಕ್ಕದವರನ್ನೂ ಅದೇ ಗುಂಡಿಗೆ ಕರೆಯುತ್ತಿದ್ದಾಳೆ, ಅದೂ ಪ್ರೀತಿಯಿಂದ. ನಮ್ಮೆಲ್ಲರ ಬಂಧುಬಳಗದಲ್ಲೂ ಇಂಥ ಒಬ್ಬರು ಇರುತ್ತಾರೆ ಅಲ್ವಾ? ಮದುವೆ ಮನೆಯಲ್ಲಿ ಅವರು ಚೀಲ ತೆರೆದರೆ ನಾವು ಪಕ್ಕಕ್ಕೆ ಸರಿಯುತ್ತೇವೆ. ಸಿನಿಮಾ ಹಾಗೆ ಸರಿಯುವುದಿಲ್ಲ. ಅವಳ ಜೊತೆ ಕೊನೆಯವರೆಗೂ ನಡೆಯುತ್ತದೆ. ಇದನ್ನು ನೋಡಲು ಓದುಗರಿಗೆ ಸ್ವಲ್ಪ ದಾರಿ ತೋರಿಸಬೇಕು. ಆ ಕೆಲಸ ನಮ್ಮದು. ‘ನಿಧಾನವಾಗಿದೆ’ ಅಂತ ಒಂದು ಪದ ಬರೆದು, ಎರಡೂವರೆ ಸ್ಟಾರ್ ಕೊಟ್ಟು ಎದ್ದರೆ ನಾವು ಕೆಲಸವನ್ನೇ ಮಾಡಿಲ್ಲ.

ಅಂದಹಾಗೆ, ಈ ಸ್ಟಾರ್ ಕೊಡುವ ಪದ್ಧತಿಯೇ ನನಗೆ ಸಂಕಟ. ಸಾವಿರ ಪದ ಬರೆದರೂ ಜನ ನೋಡುವುದು ಅದೊಂದನ್ನೇ. ನೂರು ಕೋಟಿಯ ಸೋಮಾರಿ ಸಿನಿಮಾಗೂ ಎರಡೂವರೆ, ಒಂದಷ್ಟು ಎಡವಿದರೂ ಹೊಸದೇನನ್ನೋ ಹೇಳಿದ ಸಿನಿಮಾಗೂ ಎರಡೂವರೆ. ಅದು ಒಂದೇ ತಕ್ಕಡಿ ಹೌದು. ಆದರೆ ಅದು ಏನನ್ನು ತೂಗುತ್ತಿದೆ?

ಬಾಯಿಮಾತು ಹಬ್ಬಲು ಸಮಯ ಬೇಕು. ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ಬಂತು. ಜನರೇ ಊರೂರಿಗೆ ಹೇಳಿಕೊಂಡರು. ಎರಡು ವಾರದಲ್ಲಿ ಹಿಂದಿಗೂ ಹೋಯಿತು. ಆ ಎರಡು ವಾರ ಅದಕ್ಕೆ ಸಿಕ್ಕಿತು, ಹತ್ತೂಕಾಲಿನ ಶೋಗೆ ಸಿಗುವುದಿಲ್ಲ. ಹಾಗಾಗಿ ಆ ಬಾಯಿಮಾತಿನ ಮೊದಲ ಬಾಯಿ ನಾವಾಗಬೇಕು. ಇನ್ನೊಂದು ಕಡೆ, ‘ಕಾಂತಾರ’ದಲ್ಲಿ ನಾಯಕ ಲೀಲಾಳ ಸೊಂಟ ಚಿವುಟುವ ದೃಶ್ಯ ಇದೆ. ಅದನ್ನು ಎಷ್ಟು ಗಟ್ಟಿಯಾಗಿ ಬೈದರೂ ತಪ್ಪಿಲ್ಲ. ಕೋಟ್ಯಂತರ ಜನ ನೋಡುತ್ತಾರೆ. ಹುಡುಗರು ಅದನ್ನೇ ಪ್ರೀತಿ ಅಂದುಕೊಳ್ಳುತ್ತಾರೆ.

ಉತ್ಸವ್ ಗೋನವಾರ ಅವರ ‘ಫೋಟೋ’ ನೋಡಿದಾಗ ನಾನು ಆ ಮೊದಲ ಬಾಯಿಯ ಕೆಲಸ ಮಾಡಿದೆ. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು ಅನ್ನುವ ಹಳ್ಳಿ ಹುಡುಗ. ಬೆಂಗಳೂರಿಗೆ ಬಂದ ಹೊತ್ತಿಗೇ ಲಾಕ್‌ಡೌನ್. ಕೆಲವು ಕಡೆ ನಮ್ಮ ಕರುಣೆಯನ್ನು ಜಾಸ್ತಿ ಒತ್ತಿ ಕೇಳುತ್ತದೆ ಅಂತ ನನಗೆ ಅನಿಸಿತು. ಅದನ್ನು ಬರೆದೆ, ಆದರೆ ನಾಲ್ಕನೇ ಪ್ಯಾರಾದಲ್ಲಿ. ಮೊದಲ ಮೂರು ಪ್ಯಾರಾ ಆ ಹುಡುಗನಿಗೆ, ಅವನ ಆಸೆಗೆ. ರಸ್ತೆಯಲ್ಲಿ ನಡೆದುಹೋದ ಆ ಜನರನ್ನು ನಾವೆಲ್ಲ ಎಷ್ಟು ಬೇಗ ಮರೆತೆವು! ಒಂದು ಸಿನಿಮಾ ಮರೆಯಲಿಲ್ಲ. ಅದನ್ನು ಮೊದಲು ಹೇಳಬೇಕು.

ವಿರೋಧ: ರಿಯಾಯಿತಿ ಬೇಡ, ಜಾಗ ಕೊಡಿ

ವಿಮರ್ಶೆಗೆ ಬರುವ ಮುಂಚೆ ನಾನು ಎರಡು ವರ್ಷ ಅಸಿಸ್ಟೆಂಟ್ ಡೈರೆಕ್ಟರ್ ಆಗಿದ್ದೆ. ಸಣ್ಣ ಸಿನಿಮಾ, ಹೆಸರು ಬೇಡ. ಬಿಡುಗಡೆಯ ಮಾರನೇ ದಿನ ಪೇಪರ್‌ಗಳನ್ನೆಲ್ಲ ತಂದು ನೆಲದ ಮೇಲೆ ಹರಡಿಕೊಂಡು ಕೂತೆವು. ಎಲ್ಲದರಲ್ಲೂ ಒಂದೇ ಮಾತು: ‘ಒಳ್ಳೆಯ ಪ್ರಯತ್ನ’. ಯಾರೂ ಬೈದಿರಲಿಲ್ಲ. ನಮಗೆ ಖುಷಿಯಾಯಿತು. ನಾಲ್ಕು ದಿನಕ್ಕೆ ಸಿನಿಮಾ ಎತ್ತಂಗಡಿ ಆಯಿತು.

ನಿಜವಾದ ವಿಮರ್ಶೆ ನನಗೆ ಸಿಕ್ಕಿದ್ದು ಊರಿನಲ್ಲಿ. ನಮ್ಮ ದೊಡ್ಡಪ್ಪ ನನಗೋಸ್ಕರ ಅಂತಲೇ ಸಿನಿಮಾ ನೋಡಿ ಬಂದಿದ್ದರು. ‘ಇಂಟರ್‌ವಲ್ ಆದ್ಮೇಲೆ ನಾನು ಹೊರಗೆ ಹೋಗಿ ಕಾಫಿ ಕುಡಿದು ಬಂದೆ ಕಣೋ. ವಾಪಸ್ ಬಂದಾಗಲೂ ಕಥೆ ಅಲ್ಲೇ ನಿಂತಿತ್ತು’ ಅಂದರು. ಅವರು ಹೇಳಿದ್ದು ಸರಿ. ಆರು ತಿಂಗಳು ಎಡಿಟಿಂಗ್ ರೂಮಿನಲ್ಲಿ ಕೂತ ನಮಗೆ ಅದು ಕಂಡಿರಲಿಲ್ಲ. ವಿಮರ್ಶಕರಿಗೆ ಕಂಡೇ ಇರುತ್ತದೆ. ನಮ್ಮ ಹತ್ತಿರ ದುಡ್ಡಿಲ್ಲ, ಪಾಪ ಅಂತ ಹೇಳಲಿಲ್ಲ. ಆ ಪಾಪ ಅನ್ನುವ ಮಾತು ನನಗೆ ಇವತ್ತಿಗೂ ನೋಯುತ್ತದೆ.

ಪರವಾಗಿ ಬರೆದ ಗೆಳತಿಯ ಪ್ರೀತಿ ನನಗೆ ಗೊತ್ತು. ಸುರಿವ ಮಳೆಯಲ್ಲಿ ನೆನೆದುಕೊಂಡು ಸಣ್ಣ ಸಿನಿಮಾ ನೋಡಲು ಬಂದವರು ಅವರು. ಆದರೆ ತಪ್ಪನ್ನು ನಾಲ್ಕನೇ ಪ್ಯಾರಾಗೆ ತಳ್ಳುವುದನ್ನು ನಾನು ಒಪ್ಪಲಾರೆ. ಓದುಗರು ದಡ್ಡರಲ್ಲ. ‘ಒಳ್ಳೆಯ ಪ್ರಯತ್ನ’ ಅಂದರೆ ‘ಹೋಗಬೇಡಿ’ ಅಂತ ಅರ್ಥ ಅನ್ನುವುದನ್ನು ಅವರು ಯಾವಾಗಲೋ ಕಲಿತಿದ್ದಾರೆ. ಈಗ ನಿಜವಾಗಿಯೂ ಒಳ್ಳೆಯ ಪ್ರಯತ್ನವೊಂದು ಬಂದರೆ ಅದಕ್ಕೆ ಹೇಳಲು ನಮ್ಮ ಹತ್ತಿರ ಮಾತೇ ಉಳಿದಿಲ್ಲ.

2025ರ ಮಾರ್ಚ್‌ನಲ್ಲಿ ಸುಮಂತ್ ಭಟ್ ಅವರ ‘ಮಿಥ್ಯ’ ಬಂದಾಗ ಇದೇ ಆಯಿತು ಅಂತ ನನ್ನ ಅನಿಸಿಕೆ. ಅಪ್ಪ ಅಮ್ಮನನ್ನು ಕಳೆದುಕೊಂಡ ಹನ್ನೊಂದರ ಹುಡುಗ ಮುಂಬೈ ಬಿಟ್ಟು ಉಡುಪಿ ಕಡೆಯ ನೆಂಟರ ಮನೆಗೆ ಬರುತ್ತಾನೆ. ಅವನ ಪಾತ್ರ ಮಾಡಿದ ಆತಿಶ್ ಶೆಟ್ಟಿ ಅಳುವುದಕ್ಕಿಂತ ಸುಮ್ಮನಿರುವುದೇ ಜಾಸ್ತಿ. ನಿರ್ದೇಶಕರು ಆ ಮೌನವನ್ನು ನಂಬಿದ್ದಾರೆ. ಸಂಗೀತ ಹಾಕಿ ನಮ್ಮನ್ನು ಅಳಿಸಲು ಹೋಗಿಲ್ಲ. ಇಂಥ ಸಿನಿಮಾಗೆ ‘ತಪ್ಪದೆ ನೋಡಿ’ ಅಂತ ನಾವು ಬರೆದೆವು. ಆದರೆ ಹಿಂದಿನ ತಿಂಗಳು ಇನ್ಯಾವುದಕ್ಕೋ ಅದನ್ನೇ ಬರೆದಿದ್ದೆವಲ್ಲ. ನಂಬಿ ಹೋಗಿ ಎರಡು ಸಲ ಬೇಜಾರಾಗಿ ಬಂದವರು ಮೂರನೇ ಸಲ ಯಾಕೆ ಹೋಗುತ್ತಾರೆ?

ದುಡ್ಡಿನ ಮಾತೂ ಇದೆ. ಸ್ಟಾರ್ ಸಿನಿಮಾಗೆ ಮೊದಲ ವಾರ ರೇಟು ಏರಿಸುತ್ತಾರೆ, ನಿಜ. ಆದರೆ ಸಣ್ಣ ಸಿನಿಮಾದ ಟಿಕೆಟ್ ಏನೂ ಪುಕ್ಕಟೆ ಸಿಗುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ನಾಲ್ಕು ಜನರ ಸಂಸಾರ ಮಲ್ಟಿಪ್ಲೆಕ್ಸ್‌ಗೆ ಹೋಗಿ ಬರುವುದು ಇವತ್ತು ಯೋಚಿಸಿ ಮಾಡುವ ಖರ್ಚು. ಆ ಮನೆಯವರು ನಮ್ಮನ್ನು ಕೇಳುವುದು ಒಂದೇ: ಹೋಗಬಹುದಾ? ನಿರ್ದೇಶಕರ ಕಷ್ಟ ಅವರ ಪ್ರಶ್ನೆಗೆ ಉತ್ತರ ಅಲ್ಲ.

ಇನ್ನು ಎರಡು ತಕ್ಕಡಿಯ ದೊಡ್ಡ ಅಪಾಯಕ್ಕೆ ಬರುತ್ತೇನೆ. ಅದರ ಲಾಭ ಹೋಗುವುದು ಕೊನೆಗೆ ದೊಡ್ಡ ಸಿನಿಮಾಗಳಿಗೇ. ಸಣ್ಣದಕ್ಕೆ ‘ಬಜೆಟ್ ಇಲ್ಲ, ಬಿಡಿ’ ಅಂದ ಕೂಡಲೇ ದೊಡ್ಡದಕ್ಕೂ ‘ಮಾಸ್ ಸಿನಿಮಾ, ಲಾಜಿಕ್ ಕೇಳಬೇಡಿ’ ಅನ್ನುವ ಬಾಗಿಲು ತೆರೆಯುತ್ತದೆ. ‘ಕೆಜಿಎಫ್ 2’ರಲ್ಲಿ ರಾಕಿ ರೀನಾಳನ್ನು ಅವಳ ಇಷ್ಟ ಕೇಳದೆ ಕರೆದುಕೊಂಡು ಹೋಗಿ ತನ್ನ ಜಾಗದಲ್ಲಿ ಇಟ್ಟುಕೊಳ್ಳುತ್ತಾನೆ. ಸಿನಿಮಾ ಏನು ಮಾಡಲು ಹೊರಟಿತ್ತೋ ಅದನ್ನಷ್ಟೇ ಕೇಳಿ ಅಂದರೆ, ಆ ಸಿನಿಮಾ ಹೊರಟದ್ದು ರಾಕಿಯನ್ನು ಮೆರೆಸಲು, ಮೆರೆಸಿತು, ಫುಲ್ ಮಾರ್ಕ್ಸ್. ರೀನಾ ಬಗ್ಗೆ ಕೇಳುವವರು ಯಾರು? ಕ್ಯಾಮೆರಾ, ಸೆಟ್ಟು, ಎಡಿಟಿಂಗ್‌ನ ಆ ಬಿರುಸು ನನ್ನನ್ನೂ ಸೀಟಿನ ತುದಿಗೆ ತಂದಿತ್ತು. ಅದನ್ನೂ ಬರೆಯುತ್ತೇನೆ, ರೀನಾಳ ಪ್ರಶ್ನೆಯನ್ನೂ ಕೇಳುತ್ತೇನೆ. ತೆರೆಯ ಮೇಲಿರುವ ಮನುಷ್ಯರನ್ನು ಸಿನಿಮಾ ಮನುಷ್ಯರಾಗಿ ನೋಡಿದೆಯಾ? ‘ಶಿವಮ್ಮ’ನಿಗೂ ‘ಕೆಜಿಎಫ್’ಗೂ ನನ್ನ ಮೊದಲ ಪ್ರಶ್ನೆ ಇದೇ. ಈ ಪ್ರಶ್ನೆಯಲ್ಲಿ ಗೆಲ್ಲುವುದು ಶಿವಮ್ಮ. ಅವಳಿಗೆ ನನ್ನ ರಿಯಾಯಿತಿ ಯಾಕೆ ಬೇಕು?

ಇತ್ತೀಚಿನ ವರ್ಷಗಳಲ್ಲಿ ಕನ್ನಡದಲ್ಲಿ ವರ್ಷಕ್ಕೆ ಇನ್ನೂರರ ಆಸುಪಾಸು ಸಿನಿಮಾ ಬರುತ್ತಿವೆ. ಅವುಗಳಲ್ಲಿ ಹೆಚ್ಚಿನವು ಸಣ್ಣವೇ. ಹಟ ಹಿಡಿದು ಮಾಡಿದವು ಇವೆ. ಸರ್ಕಾರದ ಸಬ್ಸಿಡಿ ಸಿಗಲಿ ಅಂತ ಹೇಗೋ ಮುಗಿಸಿದವೂ ಇವೆ. ಎಲ್ಲಕ್ಕೂ ಒಂದೇ ಕರುಣೆ ತೋರಿಸಿದರೆ ಎರಡನೇ ಥರದವು ಮೊದಲನೆಯದರ ಸೆರಗಿನ ಹಿಂದೆ ಅಡಗಿಕೊಳ್ಳುತ್ತವೆ.

‘ಸು ಫ್ರಮ್ ಸೋ’ ನೆನಪಿಸಿಕೊಳ್ಳಿ. 2025ರ ಜುಲೈ. ಜೆ.ಪಿ. ತುಮಿನಾಡು ಅವರಿಗೆ ನಿರ್ದೇಶಕರಾಗಿ ಮೊದಲ ಸಿನಿಮಾ. ಪೋಸ್ಟರ್ ತುಂಬುವ ಸ್ಟಾರ್ ಇಲ್ಲ. ಬಿಡುಗಡೆಗೆ ಮುಂಚೆಯೇ ಟಿಕೆಟ್ ಇಟ್ಟು ಪ್ರೀಮಿಯರ್ ಶೋ ಮಾಡಿದರು. ನೋಡಿ, ನೋಡಿದವರೇ ಹೇಳಲಿ ಅಂತ. ಆ ಧೈರ್ಯ ನನಗೆ ಇಷ್ಟವಾಯಿತು. ಜನ ನೋಡಿದರು, ಮನೆಯವರನ್ನೆಲ್ಲ ಕರೆದುಕೊಂಡು ಮತ್ತೆ ಬಂದರು, ಶೋಗಳು ಹೆಚ್ಚಾದವು. ಕರಾವಳಿಯ ಒಂದು ಊರಿನ ಜನ ಒಬ್ಬರನ್ನೊಬ್ಬರು ಕಾಡಿಸುವ ರೀತಿ, ದೆವ್ವದ ಹೆಸರಿನಲ್ಲಿ ಇಡೀ ಊರು ಒಂದಾಗುವ ರೀತಿ, ಎಲ್ಲ ಅಷ್ಟು ಸರಿಯಾಗಿ ಬಂದಿತ್ತು. ಕೊನೆಯ ಭಾಗದಲ್ಲಿ ನಗುವಿನಿಂದ ಗಂಭೀರಕ್ಕೆ ಹೊರಳುವುದು ಮಾತ್ರ ಸ್ವಲ್ಪ ಅವಸರವಾಯಿತು ಅಂತ ನನಗೆ ಅನಿಸಿತು, ಬರೆದೆ. ಅದರಿಂದ ಸಿನಿಮಾಗೇನೂ ಆಗಲಿಲ್ಲ.

ಹಿಂದೆ ಹೋದರೆ ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ ಇದೆ. 1977ರ ಕಪ್ಪು ಬಿಳುಪು ಸಿನಿಮಾ. 2024ರಲ್ಲಿ ಅದರ ಹೊಸದಾಗಿ ಸರಿಪಡಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಅದರಲ್ಲಿ ಬರುವ ಹುಡುಗ ನಾಣಿಯ ಕಣ್ಣು ನೋಡುವಾಗ ಬಜೆಟ್ ಎಷ್ಟು ಅಂತ ಯಾರಿಗೂ ಹೊಳೆಯುವುದಿಲ್ಲ.

ಹತ್ತೂಕಾಲಿನ ಶೋ ವಿಷಯದಲ್ಲಿ ಗೆಳತಿ ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ನನ್ನ ದಾರಿ ಬೇರೆ. ಸ್ಟಾರ್ ಸಿನಿಮಾಗೆ ಇನ್ನೂರು ಪದ ಸಾಕು, ಅದಕ್ಕೆ ನಮ್ಮ ಹಂಗಿಲ್ಲ. ಉಳಿದ ಜಾಗವನ್ನೆಲ್ಲ ಸಣ್ಣ ಸಿನಿಮಾಗೆ ಬಿಡೋಣ. ಸಾಧ್ಯವಾದರೆ ಗುರುವಾರವೇ ನೋಡಿ, ಶುಕ್ರವಾರ ಬೆಳಿಗ್ಗೆ ಓದುಗರ ಕೈಗೆ ಸಿಗುವ ಹಾಗೆ ಬರೆಯೋಣ. ದೃಶ್ಯ ದೃಶ್ಯವಾಗಿ ಬರೆಯೋಣ. ಇಲ್ಲಿ ಗೆದ್ದಿದೆ, ಇಲ್ಲಿ ಸೋತಿದೆ, ಸೋತದ್ದು ಯಾಕೆ. ಅಷ್ಟು ಗಮನ ಕೊಟ್ಟು ಬೈದ ವಿಮರ್ಶೆ ಓದಿ ನಾನೇ ಎಷ್ಟೋ ಸಿನಿಮಾಗೆ ಹೋಗಿದ್ದೇನೆ. ‘ಒಳ್ಳೆಯ ಪ್ರಯತ್ನ’ ಓದಿ ಒಂದಕ್ಕೂ ಹೋಗಿಲ್ಲ.

ನಾನು ಅಸಿಸ್ಟೆಂಟ್ ಆಗಿದ್ದ ಸಿನಿಮಾದ ನಿರ್ದೇಶಕರು ಈಗ ಎರಡನೇ ಸಿನಿಮಾದ ಎಡಿಟಿಂಗ್‌ನಲ್ಲಿದ್ದಾರೆ. ಮೊನ್ನೆ ಕರೆದು ತೋರಿಸಿದರು. ಮೊದಲರ್ಧ ತುಂಬಾ ಚೆನ್ನಾಗಿದೆ. ಇಂಟರ್‌ವಲ್ ಆದಮೇಲೆ ಕಥೆ ಮತ್ತೆ ನಿಲ್ಲುತ್ತದೆ, ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಹೇಳಿದೆ. ಅವರು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ ಎಡಿಟರ್ ಕಡೆ ತಿರುಗಿ, ‘ಆ ರೀಲ್ ಇನ್ನೊಂದು ಸಲ ಹಾಕಿ’ ಅಂದರು.