ಕುಡಿದವನನ್ನಷ್ಟೇ ಅಲ್ಲ, ಕೀಲಿ ಕೊಟ್ಟವನನ್ನೂ ಕೇಳಬೇಕು

ಕುಡಿದು ಗಾಡಿ ಓಡಿಸುವ ವಿಷಯದಲ್ಲಿ ಜಪಾನಿನ ಕಾನೂನೂ ನಮ್ಮ ಕಾನೂನೂ ಗೆರೆ ಎಳೆದಿರುವುದು ಒಂದೇ ಕಡೆ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ. ವ್ಯತ್ಯಾಸ ಇರುವುದು ಗಾಡಿ ನಿಲ್ಲಿಸಿದ ಮೇಲೆ ಕೇಳುವ ಪ್ರಶ್ನೆಗಳಲ್ಲಿ. ಬೆಳಗಾವಿಯಲ್ಲಿ ಹ್ಯಾಂಡಲ್ ಹಿಡಿದವನಿಗೆ ಯಂತ್ರ ಊದಿಸಿ, ಗಾಡಿ ಹಿಡಿದಿಟ್ಟು, ಕೇಸು ಕೋರ್ಟಿಗೆ ಕಳಿಸಿದರೆ ಅಲ್ಲಿಗೆ ಮುಗಿಯಿತು. ನಾನಿರುವ ಜಪಾನಿನಲ್ಲಿ ಇನ್ನೂ ಮೂರು ಪ್ರಶ್ನೆ ಬರುತ್ತವೆ. ಗಾಡಿ ಕೊಟ್ಟವರು ಯಾರು? ಕುಡಿಸಿದವರು ಯಾರು? ಜೊತೆಗೆ ಕೂತವನಿಗೆ ಇವನು ಕುಡಿದದ್ದು ಗೊತ್ತಿತ್ತೇ? ನಮ್ಮ ಕಡೆಯ ಹುಡುಗರನ್ನು ಉಳಿಸುವುದು ಈ ಮೂರು ಪ್ರಶ್ನೆಗಳೇ ಎಂಬುದು ನನ್ನ ಗಟ್ಟಿ ನಂಬಿಕೆ.

ಮೊದಲು ಆ 30 ಎಂದರೆ ಎಷ್ಟು ಎಂಬುದನ್ನು ನೋಡೋಣ. “ಒಂದ ನೈಂಟಿಗೆ ಏನ ಆಗ್ತದ ಬಿಡೋ” ಎನ್ನುವ ಮಾತು ಧಾಬಾದಲ್ಲಿ ದಿನವೂ ಕೇಳಿಸುತ್ತದೆ. 42.8 ಶೇಕಡಾದ ವಿಸ್ಕಿಯಲ್ಲಿ 90 ಮಿ.ಲೀ. ಎಂದರೆ ಸುಮಾರು 30 ಗ್ರಾಂ ಶುದ್ಧ ಮದ್ಯಸಾರ. 60 ಕಿಲೋ ತೂಕದ ಹುಡುಗನ ರಕ್ತದಲ್ಲಿ ಅದು 70ರಿಂದ 75 ಮಿಲಿಗ್ರಾಂವರೆಗೆ ಏರಬಲ್ಲದು. ಎಂದರೆ ಕಾನೂನಿನ ಮಿತಿಯ ಎರಡು ಪಟ್ಟಿಗಿಂತ ಹೆಚ್ಚು. ಬಿಯರ್ ಏನೂ ಮಾಡುವುದಿಲ್ಲ ಎಂದುಕೊಂಡವರು ಇನ್ನೂ ದೊಡ್ಡ ತಪ್ಪು ಮಾಡುತ್ತಾರೆ: 8 ಶೇಕಡಾದ ಸ್ಟ್ರಾಂಗ್ ಬಿಯರ್, 650 ಮಿ.ಲೀ. ಬಾಟಲಿ ಒಂದರಲ್ಲಿ ಸುಮಾರು 41 ಗ್ರಾಂ ಇರುತ್ತದೆ. ಅದು ನೈಂಟಿಗಿಂತ ಹೆಚ್ಚು. ತೂಕ, ಊಟ, ಕುಡಿದ ವೇಗ ನೋಡಿ ಲೆಕ್ಕ ಸ್ವಲ್ಪ ಆಚೀಚೆ ಆದೀತು, ಆದರೆ ಮಿತಿಯೊಳಗೆ ಬರುವಷ್ಟು ಅಲ್ಲ.

ಇಳಿಯುವ ಲೆಕ್ಕ ಯಾರಿಗೂ ಬೇಡ. ಪಿತ್ತಜನಕಾಂಗ ತಾಸಿಗೆ ಸರಾಸರಿ 15 ಮಿಲಿಗ್ರಾಂ ಮಾತ್ರ ಇಳಿಸುತ್ತದೆ. ಲಿಂಬಿಹಣ್ಣಿನ ಶರಬತ್ತು, ಮಜ್ಜಿಗೆ, ಕಡಕ್ ಚಹಾ, ತಣ್ಣೀರ ಸ್ನಾನ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ 12ಕ್ಕೆ ಒಂದು ಕ್ವಾರ್ಟರ್ (180 ಮಿ.ಲೀ. ವಿಸ್ಕಿ) ಮುಗಿಸಿ ಮಲಗಿದವನ ರಕ್ತದಲ್ಲಿ ಬೆಳಿಗ್ಗೆ 8ಕ್ಕೂ 30ರ ಆಸುಪಾಸು ಉಳಿದಿರುತ್ತದೆ. ಮದುವೆಯ ಮರುದಿನ ಬೆಳಿಗ್ಗೆ ನೆಂಟರನ್ನು ಸ್ಟ್ಯಾಂಡಿಗೆ ಬಿಡಲು ಹೊರಟವನು ತಾನು ಕುಡಿದಿಲ್ಲ ಎಂದೇ ತಿಳಿದಿರುತ್ತಾನೆ. ಏರುವುದಕ್ಕೂ ಹೊತ್ತು ಬೇಕು. ಕೊನೆಯ ಗುಟುಕಿನ ನಂತರ ಅರ್ಧ ತಾಸಿನಿಂದ ಒಂದೂವರೆ ತಾಸಿನಲ್ಲಿ ಅದು ತುದಿ ಮುಟ್ಟುತ್ತದೆ. “ಈಗ ಆರಾಮ ಅದೀನಿ” ಎಂದು ಎದ್ದು ಹೊರಟವನಿಗೆ ನಿಜವಾಗಿ ಏರುವುದು ದಾರಿಯಲ್ಲಿ. ಗೋವಾದಲ್ಲಿ ಅಗ್ಗಕ್ಕೆ ಕುಡಿದು ಚೋರ್ಲಾ ಘಾಟಿನಿಂದ ವಾಪಸಾಗುವ ಬೈಕುಗಳಿಗೆ ಆ ಹೊತ್ತು ಬರುವುದು ತಿರುವುಗಳಲ್ಲಿ, ಮಳೆಗಾಲವಾದರೆ ದಟ್ಟ ಮಂಜಿನಲ್ಲಿ. ಪಾನ್, ಗುಟ್ಕಾ, ಏಲಕ್ಕಿ ಬಾಯಿಯ ವಾಸನೆ ಮುಚ್ಚಿಯಾವು. ಯಂತ್ರ ಅಳೆಯುವುದು ಶ್ವಾಸಕೋಶದ ಆಳದಿಂದ ಬರುವ ಉಸಿರನ್ನು.

ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಅಪಾಯ ಜಪಾನಿನ ಪೇಟೆಯದಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಅಥಣಿ, ಚಿಕ್ಕೋಡಿ, ಮುಧೋಳ, ಜಮಖಂಡಿ ರಸ್ತೆಗಳ ಮೇಲೆ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಾತ್ರಿಯಿಡೀ ಓಡುತ್ತವೆ. ಹಿಂದೆ ಕೆಂಪು ದೀಪ ಇರುವುದಿಲ್ಲ, ರಿಫ್ಲೆಕ್ಟರ್ ಪಟ್ಟಿ ಇದ್ದರೂ ಕಬ್ಬಿನ ಸೋಗೆ ಮುಚ್ಚಿರುತ್ತದೆ. 80 ಕಿ.ಮೀ. ವೇಗದ ಬೈಕು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಕುಡಿಯದವನು ಕಂಡು ಬ್ರೇಕು ಒತ್ತಲು ಒಂದು ಸೆಕೆಂಡ್, ಒಣ ಡಾಂಬರಿನ ಮೇಲೆ ನಿಲ್ಲಲು ಸುಮಾರು 40 ಮೀಟರ್. ಒಟ್ಟು 60ರ ಮೇಲೆ. ಡಿಮ್ ಲೈಟು ಸರಿಯಾಗಿ ತೋರಿಸುವುದೇ 40-50 ಮೀಟರ್. ಎಚ್ಚರವಿದ್ದವನಿಗೇ ಸಾಲದ ಜಾಗ ಅದು. ಕುಡಿತದಿಂದ ಅರ್ಧ ಸೆಕೆಂಡ್ ತಡವಾದರೆ ಮತ್ತೆ 11 ಮೀಟರ್ ಹೋಯಿತು. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದ ಮೇಲೆ ಕುಡಿದವನ ಕಣ್ಣು ಚೇತರಿಸುವುದೂ ನಿಧಾನ. ಎರಡು ಚಕ್ರದ ಗಾಡಿಗೆ ಸಮತೋಲ ಬೇರೆ ಬೇಕು, ಹೊಸದಾಗಿ ಲೈಸೆನ್ಸ್ ಪಡೆದವನಿಗೆ ರಸ್ತೆಯ ಅನುಭವವೂ ಇಲ್ಲ. ಅಷ್ಟೇ ಕುಡಿದ ನಲವತ್ತರ ಗಂಡಸಿಗಿಂತ ಇಪ್ಪತ್ತರ ಹುಡುಗ ಬೇಗ ಬೀಳುತ್ತಾನೆ.

ಜಪಾನಿನಲ್ಲಿ ಕಣ್ಣು ತೆರೆಸಿದ್ದು 2006ರ ಆಗಸ್ಟಿನ ಫುಕುವೊಕಾ ಅಪಘಾತ. ಕುಡಿದವನೊಬ್ಬನ ಕಾರು ಸೇತುವೆಯ ಮೇಲೆ ಹಿಂದಿನಿಂದ ಗುದ್ದಿ, ಮುಂದಿದ್ದ ಕಾರು ಸಮುದ್ರಕ್ಕೆ ಬಿದ್ದು ಮೂರು ಮಕ್ಕಳು ಸತ್ತವು. ಮರುವರ್ಷ ಕಾನೂನು ಬದಲಾಯಿತು. ಕುಡಿದವನಿಗೆ ವಾಹನ ಕೊಟ್ಟವನಿಗೆ ಓಡಿಸಿದವನಷ್ಟೇ ಶಿಕ್ಷೆ. ಓಡಿಸುವವನೆಂದು ತಿಳಿದೂ ಮದ್ಯ ಕೊಟ್ಟವನಿಗೆ, ಕುಡಿದಿದ್ದಾನೆಂದು ತಿಳಿದೂ “ನನ್ನನ್ನು ಬಿಡು” ಎಂದು ಕೇಳಿ ಕೂತವನಿಗೆ ಓಡಿಸಿದವನ ಅಮಲು ಎಷ್ಟೆಂಬುದನ್ನು ನೋಡಿ 2 ಅಥವಾ 3 ವರ್ಷಗಳವರೆಗೆ ಜೈಲು, ಇಲ್ಲವೇ ದಂಡ. ಹೀಗಾಗಿ ಗೆಳೆಯನನ್ನು ತಡೆಯುವುದು ಬರೀ ದೊಡ್ಡ ಮನಸ್ಸಿನ ಮಾತಾಗಿ ಉಳಿಯಲಿಲ್ಲ, ತನ್ನನ್ನು ಉಳಿಸಿಕೊಳ್ಳುವ ಕೆಲಸವೂ ಆಯಿತು.

ನಮ್ಮಲ್ಲಿ ಇದು ಇಲ್ಲವೆನ್ನುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಎಲ್ಲರಿಗೂ ಗೊತ್ತು: ಮೊದಲ ಸಲ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ. 188ನೇ ಸೆಕ್ಷನ್ ಯಾರ ಬಾಯಲ್ಲೂ ಕೇಳುವುದಿಲ್ಲ. ಈ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ ಎನ್ನುತ್ತದೆ ಅದು. ಮಗ ಅಪ್ರಾಪ್ತನಾಗಿದ್ದರೆ 199ಎ ಪ್ರಕಾರ ಅಪ್ಪನಿಗೆ ಅಥವಾ ಗಾಡಿಯ ಮಾಲೀಕನಿಗೆ 3 ವರ್ಷಗಳವರೆಗೆ ಜೈಲು, 25,000 ದಂಡ. ಕಾಯ್ದೆಯ ಪುಸ್ತಕದಲ್ಲಿರುವ 188ನ್ನು ಠಾಣೆಯ ಕೇಸಿನಲ್ಲಿ ಬರೆಯಲು ಹೊಸ ಕಾನೂನು ಬೇಕಿಲ್ಲ.

ಜಪಾನಿನಿಂದ ತರಲಾಗದ್ದೂ ಒಂದಿದೆ. ಅಲ್ಲಿ ‘ದೈಕೊ’ ಎಂಬ ಸೇವೆಗೆ ಫೋನು ಮಾಡಿದರೆ ಒಂದು ಕಾರಿನಲ್ಲಿ ಇಬ್ಬರು ಬರುತ್ತಾರೆ. ಒಬ್ಬ ನಿಮ್ಮ ಕಾರನ್ನು ಮನೆಗೆ ಓಡಿಸುತ್ತಾನೆ, ಇನ್ನೊಬ್ಬ ಹಿಂದೆ ಬಂದು ಅವನನ್ನು ಕರೆದೊಯ್ಯುತ್ತಾನೆ. ಬೈಕಿನಲ್ಲಿ ಮೂವರು ಹೋಗುವ ನಮ್ಮ ಹುಡುಗರಿಗೆ ಅದು ಹೊಂದುವುದಿಲ್ಲ, ರಾತ್ರಿ ಹನ್ನೊಂದರ ಮೇಲೆ ಹಳ್ಳಿಗೆ ಬಸ್ಸೂ ಇಲ್ಲ. ಆದರೆ ಕೀಲಿಯ ಪದ್ಧತಿ ತರಬಹುದು. ಮೊದಲ ಗ್ಲಾಸು ತುಂಬುವ ಮೊದಲೇ ಎಲ್ಲ ಕೀಲಿಗಳು ಕುಡಿಯದವನ ಕಿಸೆಗೆ ಹೋಗಬೇಕು, ಏಕೆಂದರೆ ಎರಡನೇ ಗ್ಲಾಸಿನ ನಂತರ ಕೀಲಿ ಕೇಳಿದರೆ ಜಗಳವೇ ಆಗುತ್ತದೆ. ಕುಡಿಯದವನು ಯಾರೂ ಇಲ್ಲದಿದ್ದರೆ ಕೀಲಿ ಧಾಬಾದ ಗಲ್ಲೆಯ ಮೇಲಿರಲಿ, ಹುಡುಗರು ಅಲ್ಲೇ ಹೊರಸಿನ ಮೇಲೆ ಮಲಗಲಿ.

ದುಡ್ಡಿನ ಲೆಕ್ಕವನ್ನೂ ಮನೆಯವರು ತಿಳಿದಿರಲಿ. ಗಾಡಿಯ ವಿಮೆಯ ಜೊತೆ ಬರುವ ಮಾಲೀಕ-ಚಾಲಕನ 15 ಲಕ್ಷದ ಅಪಘಾತ ವಿಮೆ, ಓಡಿಸಿದವನು ಅಮಲಿನಲ್ಲಿದ್ದರೆ ಸಿಗುವುದಿಲ್ಲ.

ಬಿದ್ದ ಮೇಲಿನ ತಪ್ಪು ಎಲ್ಲಕ್ಕಿಂತ ಕ್ರೂರ. ತಲೆಗೆ ಪೆಟ್ಟಾದ ಹುಡುಗ ತೊದಲುತ್ತಾನೆ, ವಾಂತಿ ಮಾಡುತ್ತಾನೆ, ನಿದ್ದೆಗೆ ಜಾರುತ್ತಾನೆ. “ಕುಡದಾನ, ಮಲಗ್ಲಿ ಬಿಡು” ಎಂದು ಗೆಳೆಯರು ಮನೆಯ ಜಗುಲಿ ಮೇಲೆ ಮಲಗಿಸಿ ಹೋಗುತ್ತಾರೆ; ಒಳಗೆ ತಲೆಬುರುಡೆಯಲ್ಲಿ ರಕ್ತ ಸೇರುತ್ತಿರುತ್ತದೆ. ಅಮಲಿನ ಲಕ್ಷಣವೂ ಮೆದುಳಿನ ಪೆಟ್ಟಿನ ಲಕ್ಷಣವೂ ಹೊರಗಿನಿಂದ ಒಂದೇ. ಆದ್ದರಿಂದ ಕುಡಿದು ಬಿದ್ದವನಿಗೆ ಮೈಮೇಲೆ ಗಾಯ ಕಾಣದಿದ್ದರೂ ತಲೆಯ ಸ್ಕ್ಯಾನಿಂಗ್ ಬೇಕೇ ಎಂದು ವೈದ್ಯರೇ ನೋಡಿ ಹೇಳಬೇಕು. 108ಕ್ಕೆ ಕರೆ ಮಾಡಿ. ವಾಂತಿ ಉಸಿರಿಗೆ ಅಡ್ಡ ಬರದಂತೆ ಕತ್ತು ತಿರುಚದೆ ಇಡೀ ಮೈಯನ್ನು ಒಟ್ಟಿಗೆ ಒಂದು ಮಗ್ಗುಲಿಗೆ ಹೊರಳಿಸಿ. ನೀರು, ಚಹಾ ಕುಡಿಸಬೇಡಿ. ಕೇಸಿಗೆ ಹೆದರಿ ಓಡಬೇಕಿಲ್ಲ: 2019ರಲ್ಲಿ ಸೇರಿದ 134ಎ ಸೆಕ್ಷನ್ ಪ್ರಕಾರ ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವನ ಮೇಲೆ ಅದಕ್ಕಾಗಿ ಕೇಸು ಹಾಕುವಂತಿಲ್ಲ. ಆಸ್ಪತ್ರೆಯಲ್ಲಿ ಎಷ್ಟು ಕುಡಿದಿದ್ದ, ಎಷ್ಟು ಹೊತ್ತಿಗೆ ಬಿದ್ದ ಎಂಬೆರಡನ್ನು ಮುಚ್ಚಿಡದೆ ಹೇಳಿ, ಚಿಕಿತ್ಸೆ ಶುರುವಾಗುವುದು ಅಲ್ಲಿಂದ.